ಜಾಗ ಸಾಲದ ಹೊಟ್ಟೆ

ನಮ್ಮೆಲ್ಲರ ಕರುಳೂ ಒಂದು ಕಾಲಕ್ಕೆ ಹೊಟ್ಟೆಯಿಂದ ಹೊರಗಿತ್ತು. ಗರ್ಭದ ಆರನೆಯ ವಾರದ ಹೊತ್ತಿಗೆ ಭ್ರೂಣದ ಕರುಳು ಭರದಿಂದ ಉದ್ದವಾಗತೊಡಗುತ್ತದೆ. ಹೊಟ್ಟೆಯೊಳಗೆ ಅದಕ್ಕೆ ಜಾಗವಿರುವುದಿಲ್ಲ. ಇರುವ ಜಾಗದ ಬಹುಪಾಲನ್ನು ಯಕೃತ್ತು ಆಗಲೇ ಹಿಡಿದುಕೊಂಡಿರುತ್ತದೆ. ಬೇರೆ ದಾರಿ ಕಾಣದೆ ಕರುಳು ಹೊಕ್ಕುಳಬಳ್ಳಿಯೊಳಕ್ಕೆ ಇಳಿದು ಕೆಲವು ವಾರ ಅಲ್ಲಿಯೇ ಬೆಳೆಯುತ್ತದೆ. ಹತ್ತರಿಂದ ಹನ್ನೆರಡನೆಯ ವಾರದೊಳಗೆ, ಒಟ್ಟು 270 ಡಿಗ್ರಿ ಸುತ್ತು ಹಾಕಿಕೊಂಡು, ಒಳಗೆ ಮರಳಿ ತನ್ನ ತನ್ನ ಮೂಲೆಗಳಲ್ಲಿ ನೆಲೆಸುತ್ತದೆ. ವೈದ್ಯಕೀಯ ವಿದ್ಯಾರ್ಥಿಯಾಗಿ ಇದನ್ನು ಮೊದಲು ಓದಿದಾಗ ನನಗೆ ಅಚ್ಚರಿಯಾದದ್ದು ಇದು ಕೆಲವರಲ್ಲಿ ತಪ್ಪುತ್ತದೆ ಎಂಬುದಕ್ಕಲ್ಲ, ಹೆಚ್ಚಿನವರಲ್ಲಿ ತಪ್ಪದೆ ನಡೆಯುತ್ತದಲ್ಲ ಎಂಬುದಕ್ಕೆ.

ತಪ್ಪಿದಾಗ ಹುಟ್ಟುವ ಮಕ್ಕಳು ನನ್ನ ವೃತ್ತಿಯ ಪಾಲಿಗೆ ಬಂದವರು. ನಾನು ಮಕ್ಕಳ ಶಸ್ತ್ರಚಿಕಿತ್ಸಕ. ಹೊಟ್ಟೆಗೋಡೆ ಸರಿಯಾಗಿ ಕೂಡಿಕೊಳ್ಳದೆ ಹುಟ್ಟುವ ಮಕ್ಕಳಲ್ಲಿ ಮುಖ್ಯವಾಗಿ ಎರಡು ಬಗೆ. ಮೊದಲನೆಯದು ಆಂಫಲೋಸೀಲ್: ಹೊಕ್ಕುಳಿನ ಜಾಗದಲ್ಲಿಯೇ ಗೋಡೆ ತೆರೆದಿದ್ದು, ಕರುಳು, ಕೆಲವೊಮ್ಮೆ ಯಕೃತ್ತೂ ಸೇರಿ, ತೆಳುವಾದ ಒಂದು ಪೊರೆಯ ಚೀಲದೊಳಗೆ ಹೊರಗೆ ಉಳಿದಿರುತ್ತದೆ. ಹೊಕ್ಕುಳಬಳ್ಳಿ ಆ ಚೀಲದ ತುದಿಗೆ ಅಂಟಿಕೊಂಡಿರುತ್ತದೆ. ಎರಡನೆಯದು ಗ್ಯಾಸ್ಟ್ರೋಸ್ಕೈಸಿಸ್: ಹೊಕ್ಕುಳಬಳ್ಳಿ ಇರಬೇಕಾದ ಕಡೆಯೇ ಇರುತ್ತದೆ, ಅದರ ಪಕ್ಕದಲ್ಲಿ, ಸಾಮಾನ್ಯವಾಗಿ ಬಲಕ್ಕೆ, ಒಂದು ಸಣ್ಣ ಕಿಂಡಿ. ಆ ಕಿಂಡಿಯಿಂದ ಕರುಳು ಯಾವ ಹೊದಿಕೆಯೂ ಇಲ್ಲದೆ ಹೊರಗೆ ಬಂದು ತಿಂಗಳುಗಟ್ಟಲೆ ಗರ್ಭದ ನೀರಿನಲ್ಲಿ ತೇಲಿರುತ್ತದೆ.

ನೋಡುವ ಕಣ್ಣಿಗೆ ಎರಡನೆಯದೇ ಭಯಂಕರ. ಊದಿದ, ದಪ್ಪಗಟ್ಟಿದ, ಒಂದಕ್ಕೊಂದು ಅಂಟಿದ ಕರುಳು ಬಟಾಬಯಲಿನಲ್ಲಿ. ಆದರೆ ಆ ಮಗುವಿಗೆ ಹೆಚ್ಚಿನ ಪಾಲು ಬೇರೆ ತೊಂದರೆ ಇರುವುದಿಲ್ಲ. ಸುಮಾರು ಹತ್ತರಲ್ಲಿ ಒಂದಕ್ಕೆ ಕರುಳಿನ ಒಂದು ಭಾಗ ಮುಚ್ಚಿಹೋಗಿರಬಹುದು, ಅಷ್ಟೇ. ಪೊರೆಯೊಳಗೆ ಅಚ್ಚುಕಟ್ಟಾಗಿ ಕಾಣುವ ಆಂಫಲೋಸೀಲ್ ಮಗುವಿನ ವಿಚಾರದಲ್ಲಿ ನಾವು ಮೊದಲು ಹುಡುಕುವುದು ಹೃದಯವನ್ನು, ಆಮೇಲೆ ಕ್ರೋಮೋಸೋಮುಗಳನ್ನು. ಅರ್ಧಕ್ಕಿಂತ ಹೆಚ್ಚು ಮಕ್ಕಳಲ್ಲಿ ಜೊತೆಗೆ ಇನ್ನೊಂದು ದೋಷವಿರುತ್ತದೆ. ನಾಲಿಗೆ ದಪ್ಪಗಿದ್ದರೆ ರಕ್ತದ ಸಕ್ಕರೆ ಕುಸಿಯುತ್ತಿದೆಯೇ ಎಂದು ತಕ್ಷಣ ನೋಡಬೇಕು. ಬೆಕ್‌ವಿತ್–ವೀಡೆಮನ್ ಎಂಬ ಲಕ್ಷಣಕೂಟ ಇರಬಹುದು. ಹೆರಿಗೆ ಕೋಣೆಯಲ್ಲಿ ಯಾರು ಎಷ್ಟು ಗಾಬರಿಯಾಗಬೇಕು ಎಂಬ ಲೆಕ್ಕ ಇಲ್ಲಿ ತಲೆಕೆಳಗು.

ಕಾರಣ ಕೇಳದ ಕುಟುಂಬವಿಲ್ಲ. ಒಬ್ಬ ಅತ್ತೆ ಸೊಸೆಯ ಮುಂದೆಯೇ ನನಗೆ ಹೇಳಿದ್ದರು: "ಡಾಕ್ಟರೇ, ಗ್ರಹಣದ ದಿನ ಇವಳು ಹೊರಗೆ ಬಂದಿದ್ದಳು. ಎಷ್ಟು ಹೇಳಿದರೂ ಕೇಳಲಿಲ್ಲ." ಗ್ರಹಣಕ್ಕೂ ಹೊಟ್ಟೆಗೋಡೆಗೂ ಸಂಬಂಧವಿಲ್ಲ ಎಂದು ಪಾಠ ಹೇಳಲು ನಾನು ಹೋಗಲಿಲ್ಲ. ಆಗ ಎಷ್ಟನೆಯ ತಿಂಗಳು ಎಂದು ಕೇಳಿದೆ. ಆರು ಎಂದರು. "ಅಮ್ಮ, ಇದು ಮೂರು ತಿಂಗಳು ತುಂಬುವ ಮೊದಲೇ ಆಗಿಹೋಗಿರುತ್ತದೆ. ಆರರಲ್ಲಿ ಬಂದ ಗ್ರಹಣ ಇದಕ್ಕೆ ಏನು ಮಾಡೀತು?" ಎಂದೆ. ಅವರು ಬೆರಳು ಮಡಚಿ ಲೆಕ್ಕ ಹಾಕಿ ಸುಮ್ಮನಾದರು. ವಿಚಾರವಾದಿಗಳು ನನ್ನನ್ನು ಕ್ಷಮಿಸಬೇಕು. ಆ ವಾದದಲ್ಲಿ ಗ್ರಹಣಕ್ಕೆ ಏನೂ ಪೆಟ್ಟಾಗಲಿಲ್ಲ, ಆದರೆ ಸೊಸೆ ಬಿಡುಗಡೆಯಾದಳು. ನಿಜವಾದ ಕಾರಣಗಳ ಬಗ್ಗೆ ಖಚಿತವಾಗಿ ಹೇಳಬಹುದಾದದ್ದು ಕಡಿಮೆ. ಗ್ಯಾಸ್ಟ್ರೋಸ್ಕೈಸಿಸ್ ಇಪ್ಪತ್ತು ದಾಟದ ತಾಯಂದಿರ ಮಕ್ಕಳಲ್ಲಿ ಹೆಚ್ಚು, ಮತ್ತು ಜಗತ್ತಿನ ಹಲವು ಕಡೆ ಕೆಲವು ದಶಕಗಳಿಂದ ಅದರ ಪ್ರಮಾಣ ಏರುತ್ತಿದೆ. ಬಾಲ್ಯವಿವಾಹ ಇನ್ನೂ ನಿಲ್ಲದ ನಮ್ಮಂಥ ನಾಡಿನಲ್ಲಿ ಈ ಮಾತನ್ನು ಗಟ್ಟಿಯಾಗಿ ಹೇಳಬೇಕು.

ಈಗ ಶಸ್ತ್ರಚಿಕಿತ್ಸೆಗೆ ಬರೋಣ. ಹೊರಗಿನವರಿಗೆ ಇದು ಬಹಳ ಸರಳ ಎನ್ನಿಸುತ್ತದೆ: ಹೊರಗಿರುವುದನ್ನು ಒಳಗೆ ಹಾಕಿ, ಬಾಯಿ ಹೊಲಿದರೆ ಮುಗಿಯಿತು. ಹೊಸದಾಗಿ ಈ ಕೆಲಸಕ್ಕೆ ಬಂದ ಶಸ್ತ್ರಚಿಕಿತ್ಸಕರಿಗೂ ಹಾಗೆಯೇ ಎನ್ನಿಸುತ್ತದೆ. ಎಡವುವುದೂ ಅಲ್ಲಿಯೇ. ಹೊಟ್ಟೆ ಬೆಳೆಯುವುದು ಒಳಗೆ ಅಂಗಾಂಗಗಳು ಇದ್ದು ಅದನ್ನು ಹಿಗ್ಗಿಸಿದರೆ ಮಾತ್ರ. ಒಂಬತ್ತು ತಿಂಗಳು ಕರುಳು, ಯಕೃತ್ತು ಹೊರಗಿದ್ದ ಮಗುವಿನ ಹೊಟ್ಟೆ ಚಿಕ್ಕದಾಗಿಯೇ ಉಳಿದಿರುತ್ತದೆ. ಆ ಚಿಕ್ಕ ಜಾಗಕ್ಕೆ ಎಲ್ಲವನ್ನೂ ತುರುಕಿ ಹೊಲಿದರೆ ಒಳಗಿನ ಒತ್ತಡ ಏರುತ್ತದೆ. ಎದೆಗೂ ಹೊಟ್ಟೆಗೂ ನಡುವಿನ ವಪೆ ಮೇಲಕ್ಕೆ ಒತ್ತಲ್ಪಟ್ಟು ಶ್ವಾಸಕೋಶ ಅರಳುವುದಿಲ್ಲ. ಕೆಳಗಿನಿಂದ ಹೃದಯಕ್ಕೆ ರಕ್ತ ಒಯ್ಯುವ ದೊಡ್ಡ ಅಭಿಧಮನಿ ಚಪ್ಪಟೆಯಾಗುತ್ತದೆ. ಮೂತ್ರಪಿಂಡಕ್ಕೆ ರಕ್ತ ಹೋಗದೆ ಮೂತ್ರ ನಿಲ್ಲುತ್ತದೆ. ಕಷ್ಟಪಟ್ಟು ಒಳಗೆ ಸೇರಿಸಿದ ಕರುಳೇ ರಕ್ತವಿಲ್ಲದೆ ಕಪ್ಪಾಗಬಹುದು.

ಇದನ್ನು ಹತ್ತಿರದಿಂದ ನೋಡಿದರೆ ಹೀಗಿರುತ್ತದೆ. ಮಗುವಿನ ತೂಕ ಎರಡು ಕಿಲೋ ಆಸುಪಾಸು. ಆಮ್ಲಜನಕ ಅಳೆಯುವ ಸಾಧನ ಒಂದು ಪಾದಕ್ಕೆ ಕಟ್ಟಿದೆ. ಹೊದಿಕೆಯ ಆಚೆ ಇರುವ ಆ ಪಾದದ ಮೇಲೆ ಅರಿವಳಿಕೆ ತಜ್ಞೆಯ ಒಂದು ಕಣ್ಣು. ನಾನು ಗೋಡೆಯ ಎರಡು ಅಂಚುಗಳನ್ನು ಹತ್ತಿರ ತಂದು ಮೂರನೆಯ ಹೊಲಿಗೆಯ ಗಂಟು ಬಿಗಿಯುತ್ತಿದ್ದೇನೆ. ಅಂಚುಗಳು ಚೆಂದವಾಗಿ ಕೂಡುತ್ತಿವೆ. "ಸಾರ್, ವೆಂಟಿಲೇಟರ್ ಒತ್ತಡ 28 ದಾಟಿತು" ಎಂದು ಅವರ ದನಿ. ಇನ್ನೊಂದು ಹೊಲಿಗೆ ಹಾಕಿ ನೋಡೋಣ ಎನ್ನುತ್ತೇನೆ. "ಪಾದ ನೀಲಿಯಾಗುತ್ತಿದೆ ಸಾರ್. ಬಿಡಿಸಿ." ಬಿಡಿಸುತ್ತೇನೆ. ಅಚ್ಚುಕಟ್ಟಾಗಿ ಮುಚ್ಚಿದ ಹೊಟ್ಟೆಯನ್ನು ಮತ್ತೆ ತೆರೆಯುವುದು ಕೈಗೆ ಒಗ್ಗದ ಕೆಲಸ. ಈ ಶಸ್ತ್ರಚಿಕಿತ್ಸೆಯಲ್ಲಿ ಅದನ್ನೇ ಮೊದಲು ಕಲಿಯಬೇಕು. ಮೂತ್ರಕೋಶದೊಳಗೆ ನಳಿಗೆಯಿಟ್ಟು ಹೊಟ್ಟೆಯ ಒತ್ತಡ ಅಳೆಯಬಹುದು. 20 ಮಿಲಿಮೀಟರ್ ಪಾದರಸ ದಾಟಿದರೆ ಅಪಾಯದ ಗೆರೆ ದಾಟಿದಂತೆ.

ಈ ಪಾಠಕ್ಕೆ ಸುಮಾರು ನೂರೈವತ್ತು ವರ್ಷ ಹಿಡಿಯಿತು. ಸಣ್ಣ ಆಂಫಲೋಸೀಲ್‌ಗಳನ್ನು ಹೊಲಿದು ಮುಚ್ಚಿದ ವರದಿಗಳು 19ನೆಯ ಶತಮಾನದ ಆರಂಭದಲ್ಲಿಯೇ ಇವೆ. ದೊಡ್ಡವುಗಳ ಮುಂದೆ ಎಲ್ಲರೂ ಸೋಲುತ್ತಿದ್ದರು. 1899ರಲ್ಲಿ ಜರ್ಮನಿಯ ಆಲ್‌ಫೆಲ್ಡ್ ಪೊರೆಗೆ ಆಲ್ಕೊಹಾಲ್ ಹಚ್ಚಿ ಒಣಗಿಸುವ ಹಾದಿ ತೋರಿಸಿದರು. ಅಂದರೆ ಕತ್ತರಿಯನ್ನೇ ಎತ್ತದಿರುವ ಹಾದಿ. 1948ರಲ್ಲಿ ಬೋಸ್ಟನ್ನಿನ ರಾಬರ್ಟ್ ಗ್ರಾಸ್ ಬೇರೆಯೇ ಜಾಣತನ ಮಾಡಿದರು. ಸ್ನಾಯುವಿನ ತಂಟೆಗೆ ಹೋಗದೆ, ಎರಡೂ ಪಕ್ಕದ ಚರ್ಮವನ್ನಷ್ಟೇ ಸಡಿಲಿಸಿ ತಂದು ಚೀಲದ ಮೇಲೆ ಹೊದಿಸಿದರು. ಉಳಿದದ್ದು ಬೃಹತ್ತಾದ ಹರ್ನಿಯಾ. ಅದನ್ನು ಮಗು ಬೆಳೆದ ಮೇಲೆ ನೋಡಿಕೊಂಡರಾಯಿತು ಎಂಬ ಧೈರ್ಯ. ಸ್ವಿಟ್ಜರ್‌ಲ್ಯಾಂಡಿನ ಮ್ಯಾಕ್ಸ್ ಗ್ರೋಬ್ 1950ರ ದಶಕದಲ್ಲಿ ಪೊರೆಗೆ ಮರ್ಕ್ಯುರೋಕ್ರೋಮ್ ಬಳಿಯುವುದನ್ನು ಜನಪ್ರಿಯಗೊಳಿಸಿದರು. ಮೊಣಕಾಲು ತರಚಿದಾಗ ನಮ್ಮ ಮೇಷ್ಟರು ಹಚ್ಚುತ್ತಿದ್ದ ಅದೇ ಕೆಂಪು ಔಷಧ. ಅದರಲ್ಲಿನ ಪಾದರಸ ಪೊರೆಯ ಮೂಲಕ ಮಗುವಿನ ರಕ್ತಕ್ಕೆ ಸೇರುತ್ತದೆ ಎಂದು ತಿಳಿದ ಮೇಲೆ ಅದನ್ನು ಕೈಬಿಟ್ಟರು.

ತಿರುವು ಬಂದದ್ದು 1967ರಲ್ಲಿ. ಸ್ಯಾಮ್ಯುಯೆಲ್ ಶುಸ್ಟರ್ ಎಂಬ ಶಸ್ತ್ರಚಿಕಿತ್ಸಕರು ಗೋಡೆಯ ಅಂಚುಗಳಿಗೆ ಕೃತಕ ಹಾಳೆ ಹೊಲಿದು, ಹೊರಗಿನ ಅಂಗಗಳ ಸುತ್ತ ತಾತ್ಕಾಲಿಕ ಹೊದಿಕೆ ಮಾಡಿ, ದಿನವೂ ಸ್ವಲ್ಪ ಸ್ವಲ್ಪವೇ ಬಿಗಿಗೊಳಿಸುತ್ತ ಬಂದರು. ಎರಡು ವರ್ಷದ ಬಳಿಕ ಆಲೆನ್ ಮತ್ತು ರೆನ್ ಅದಕ್ಕೆ ಸಿಲಿಕೋನ್ ಚೀಲದ ರೂಪ ಕೊಟ್ಟರು. ಇಂದು ಅದನ್ನು ಸಿಲೋ ಎನ್ನುತ್ತೇವೆ. ಕರುಳು ತುಂಬಿದ ಪಾರದರ್ಶಕ ಚೀಲ, ಮೊಸರು ಕಟ್ಟಿ ಸೋರಲು ಬಿಟ್ಟ ಬಟ್ಟೆಯ ಗಂಟಿನ ಹಾಗೆ, ಮಗುವನ್ನು ಬೆಚ್ಚಗಿಡುವ ವಾರ್ಮರಿನ ಕಂಬಿಯಿಂದ ಮಗುವಿನ ಮೇಲೆ ನೇತಾಡುತ್ತದೆ. ಕರುಳು ತನ್ನ ಭಾರಕ್ಕೆ ತಾನೇ ಕೆಳಗಿಳಿಯುತ್ತದೆ. ಬೆಳಿಗ್ಗೆ ರೌಂಡ್ಸ್ ವೇಳೆ ಚೀಲದ ತುದಿಯನ್ನು ಮೆಲ್ಲಗೆ ಅದುಮಿ, ಗಳಿಸಿದ ಅಂತರದ ಮೇಲೆ ಒಂದು ದಾರ ಕಟ್ಟಿ, ಮಗುವಿನ ಉಸಿರು ನೋಡಿ, ನಾಳೆಗೆ ಬಿಡುತ್ತೇವೆ. ಐದಾರು ದಿನದಿಂದ ವಾರ, ಹತ್ತು ದಿನದೊಳಗೆ ಎಲ್ಲವೂ ಒಳಗೆ. ಅದಕ್ಕಿಂತ ತಡವಾದರೆ ಸೋಂಕಿನ ಭಯ. ಬುಡದಲ್ಲಿ ಸ್ಪ್ರಿಂಗ್ ಉಂಗುರವಿರುವ ಸಿದ್ಧ ಚೀಲಗಳು ಬಂದ ಮೇಲೆ ಅದನ್ನು ಕೂರಿಸಲು ಹೊಲಿಗೆಯೂ ಬೇಡ, ಆಪರೇಷನ್ ಥಿಯೇಟರೂ ಬೇಡ. ಆಮದಿನ ಚೀಲ ದುಬಾರಿ. ನಮ್ಮ ದೇಶದ ವಾರ್ಡುಗಳಲ್ಲಿ ಕ್ರಿಮಿಶುದ್ಧ ಮೂತ್ರದ ಚೀಲವನ್ನೋ ರಕ್ತದ ಚೀಲವನ್ನೋ ಕತ್ತರಿಸಿ ಸಿಲೋ ಮಾಡಿಕೊಂಡಿದ್ದೇವೆ. ಇದನ್ನು ಜುಗಾಡ್ ಎಂದು ಹೀಗಳೆಯುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಒತ್ತಡಕ್ಕೆ ಚೀಲದ ಬ್ರ್ಯಾಂಡ್ ಗೊತ್ತಾಗುವುದಿಲ್ಲ.

ಆದರೂ ಗ್ಯಾಸ್ಟ್ರೋಸ್ಕೈಸಿಸ್ ಮಕ್ಕಳನ್ನು ಉಳಿಸಿದ ಶ್ರೇಯದ ದೊಡ್ಡ ಪಾಲು ಶಸ್ತ್ರಚಿಕಿತ್ಸಕರಿಗೆ ಸೇರಬೇಕಾದದ್ದಲ್ಲ. 1943ರಲ್ಲಿಯೇ ವಾಟ್‌ಕಿನ್ಸ್ ಎಂಬವರು ಇಂಥ ಮಗುವಿನ ಹೊಟ್ಟೆಯನ್ನು ಯಶಸ್ವಿಯಾಗಿ ಮುಚ್ಚಿದ್ದರು. ಅದರ ನಂತರವೂ ಮಕ್ಕಳು ಸಾಯುತ್ತಲೇ ಇದ್ದರು, ಹಸಿವಿನಿಂದ. ಗರ್ಭದ ನೀರಿನಲ್ಲಿ ನೆನೆದು ದಪ್ಪಗಟ್ಟಿದ ಕರುಳು ವಾರಗಟ್ಟಲೆ ಕೆಲಸ ಮಾಡುವುದಿಲ್ಲ. ಹಾಲು ಕೊಟ್ಟರೆ ಹಸಿರಾಗಿ ಹೊರಗೆ ಬರುತ್ತದೆ. 1960ರ ದಶಕದ ಕೊನೆಯಲ್ಲಿ ಫಿಲಡೆಲ್ಫಿಯಾದಲ್ಲಿ ಸ್ಟ್ಯಾನ್ಲಿ ಡಡ್ರಿಕ್ ಮತ್ತು ಡಗ್ಲಸ್ ವಿಲ್ಮೋರ್ ಮೊದಲು ಬೀಗಲ್ ನಾಯಿಮರಿಗಳನ್ನು, ಬಳಿಕ ಕರುಳೇ ಇಲ್ಲದಂತಾಗಿದ್ದ ಒಂದು ಹಸುಗೂಸನ್ನು ಬರಿಯ ರಕ್ತನಾಳದ ಮೂಲಕ ಉಣಿಸಿ ಬೆಳೆಸಬಹುದೆಂದು ತೋರಿಸಿದರು. ಸಕ್ಕರೆ, ಅಮಿನೋ ಆಮ್ಲ, ಲವಣ, ವಿಟಮಿನ್, ಎಲ್ಲವೂ ಒಂದು ಸೂಕ್ಷ್ಮ ನಳಿಗೆಯಲ್ಲಿ. ಶ್ರೀಮಂತ ದೇಶಗಳಲ್ಲಿ ಈ ಮಕ್ಕಳು ಬದುಕತೊಡಗಿದ್ದು ಆಮೇಲೆ. ನಮ್ಮಲ್ಲಿ ಈಗಲೂ ಮುಚ್ಚಿದ ಹೊಟ್ಟೆ ಸೋಲುವುದಕ್ಕಿಂತ ಆ ನಳಿಗೆಗೆ ಸೋಂಕು ತಗುಲಿ ಮಗು ಸೋಲುವುದೇ ಹೆಚ್ಚು. ಕೈ ತೊಳೆಯುವುದರ ಬಗ್ಗೆ ನಾನು ವಾರ್ಡಿನಲ್ಲಿ ಕೂಗಾಡುವುದಕ್ಕೆ ಇದೇ ಕಾರಣ. ಹೊಸ ಸಿಸ್ಟರ್‌ಗಳು ಮುನಿಸಿಕೊಳ್ಳುತ್ತಾರೆ, ಹಳಬರು ನಗುತ್ತಾರೆ.

ಅತಿ ದೊಡ್ಡ ಆಂಫಲೋಸೀಲ್‌ನದು ಬೇರೆ ಕಥೆ. ಐದು ಸೆಂಟಿಮೀಟರಿಗಿಂತ ಅಗಲದ ಬಾಯಿ, ಹೊರಗೆ ಯಕೃತ್ತಿನ ಬಹುಭಾಗ, ಒಳಗೆ ಸರಿಯಾಗಿ ಬೆಳೆಯದ ಶ್ವಾಸಕೋಶ. ಇಲ್ಲಿ ಅವಸರಪಟ್ಟು ಯಕೃತ್ತನ್ನು ಒಳಗೆ ದೂಡಿದರೆ ಅದರ ರಕ್ತನಾಳಗಳು ಮಡಚಿಕೊಂಡು ಮಗುವಿನ ರಕ್ತದೊತ್ತಡ ಕುಸಿದು ಬೀಳುತ್ತದೆ. ಆದ್ದರಿಂದ ನಾವು ಆಲ್‌ಫೆಲ್ಡ್ ಹೇಳಿದ ಹಾದಿಗೇ ಮರಳಿದ್ದೇವೆ, ಔಷಧ ಮಾತ್ರ ಬೇರೆ. ಪೊರೆಗೆ ಸಿಲ್ವರ್ ಸಲ್ಫಡಯಜಿನ್ ಮುಲಾಮು ಹಚ್ಚಿ ಗಾಜ್ ಬಟ್ಟೆ ಸುತ್ತುತ್ತೇವೆ. ಅಯೋಡಿನ್ ದ್ರಾವಣ ಬಳಸಿದರೆ ಥೈರಾಯ್ಡ್ ಮೇಲೆ ಕಣ್ಣಿಡಬೇಕು. ಪೊರೆ ಒಣಗಿ ಕಪ್ಪಾಗಿ ಚಕ್ಕಳದಂತೆ ಗಟ್ಟಿಯಾಗುತ್ತದೆ. ಅಂಚಿನಿಂದ ಗುಲಾಬಿ ಬಣ್ಣದ ಹೊಸ ಚರ್ಮ ದಿನಕ್ಕಿಷ್ಟು ಎಂದು ತೆವಳುತ್ತ ಬಂದು, ತಿಂಗಳುಗಳಲ್ಲಿ ಇಡೀ ಗುಡ್ಡವನ್ನು ಹೊದಿಯುತ್ತದೆ. ಆಮೇಲೆ ಕ್ರೇಪ್ ಬ್ಯಾಂಡೇಜಿನ ಹದವಾದ ಅದುಮು. ಈ ಹದ ನಾವು ಬಾಯಿಮಾತಿನಲ್ಲಿ ಹೇಳಿಕೊಡುವಂಥದ್ದಲ್ಲ. ಹಳ್ಳಿಯಿಂದ ತಪಾಸಣೆಗೆ ಬಂದ ತಾಯಿಯೊಬ್ಬಳು, ಬ್ಯಾಂಡೇಜ್ ಸುತ್ತುತ್ತಿದ್ದ ನಮ್ಮ ಕಿರಿಯ ವೈದ್ಯೆಯ ಕೈ ಹಿಡಿದು, "ಮೇಡಂ, ಅಷ್ಟು ಬಿಗಿ ಬೇಡ, ಹಾಲು ಕುಡಿಯುವಾಗ ಇವನಿಗೆ ಉಸಿರು ಕಟ್ಟುತ್ತದೆ" ಎಂದು ತಾನೇ ಬಿಚ್ಚಿ ಸುತ್ತಿದಳು. ಕೆಳಗಿನಿಂದ ಮೇಲಕ್ಕೆ, ಎರಡು ಬೆರಳು ನುಸುಳುವಷ್ಟು ಸಡಿಲ, ಕೊನೆಯ ಸುತ್ತು ಓರೆಯಾಗಿ. ಪಠ್ಯಪುಸ್ತಕದಲ್ಲಿ ಆ ಓರೆ ಸುತ್ತು ಇಲ್ಲ. ಮಗು ಮಗುಚಿಕೊಳ್ಳಲು ಕಲಿತ ಮೇಲೆ ನೇರ ಸುತ್ತು ಜಾರುತ್ತದೆಂದು ಆಕೆ ಕಂಡುಕೊಂಡಿದ್ದಳು. ಅಂದಿನಿಂದ ನಾವೂ ಹಾಗೆಯೇ ಸುತ್ತುತ್ತೇವೆ.

ನಿಜವಾದ ಮರುನಿರ್ಮಾಣ ಶುರುವಾಗುವುದು ಅಲ್ಲಿಂದಾಚೆ, ಮಗುವಿಗೆ ಒಂದೋ ಎರಡೋ ಮೂರೋ ವರ್ಷವಾದಾಗ. ಹೊಟ್ಟೆಯ ನಡುವಿನ ಎರಡು ನೇರ ಸ್ನಾಯುಗಳು ಆಗಲೂ ಅಂಗೈಯಗಲ ದೂರದಲ್ಲಿರುತ್ತವೆ. ಅವನ್ನು ನಡುಗೆರೆಗೆ ತರುವುದು ಹೇಗೆ? 1990ರಲ್ಲಿ ರಮಿರೆಜ್ ಎಂಬ ಪ್ಲಾಸ್ಟಿಕ್ ಸರ್ಜನ್ ವಯಸ್ಕರ ದೊಡ್ಡ ಹರ್ನಿಯಾಗಳಿಗಾಗಿ ಒಂದು ಉಪಾಯ ವಿವರಿಸಿದರು. ಹೊಟ್ಟೆಯ ಪಕ್ಕಗೋಡೆ ಮೂರು ಸ್ನಾಯುಪದರಗಳದ್ದು. ಹೊರಪದರದ ಪೊರೆಯನ್ನು ನೇರ ಸ್ನಾಯುವಿನ ಅಂಚಿನ ಆಚೆ ಉದ್ದಕ್ಕೆ ಸೀಳಿ, ನಡುಪದರದಿಂದ ಬೇರ್ಪಡಿಸಿದರೆ, ನೇರ ಸ್ನಾಯು ತನ್ನ ನರ, ರಕ್ತನಾಳ ಕಳೆದುಕೊಳ್ಳದೆ ಒಳಕ್ಕೆ ಜಾರುತ್ತದೆ. ವಯಸ್ಕರಲ್ಲಿ ಸೊಂಟದ ಮಟ್ಟದಲ್ಲಿ ಪ್ರತಿ ಪಕ್ಕಕ್ಕೆ ಸುಮಾರು 10 ಸೆಂಟಿಮೀಟರ್‌ವರೆಗೆ ಸಿಗುತ್ತದೆ. ನೆದರ್‌ಲ್ಯಾಂಡ್ಸ್‌ನ ಶಸ್ತ್ರಚಿಕಿತ್ಸಕರು ಇದನ್ನು ದೊಡ್ಡ ಆಂಫಲೋಸೀಲ್‌ನ ಮಕ್ಕಳಿಗೆ ಒಗ್ಗಿಸಿದರು. ನನಗೆ ಈ ವಿಧಾನ ಇಷ್ಟ, ಏಕೆಂದರೆ ಮಗುವಿನ ಸ್ವಂತ ಸ್ನಾಯು ಮಗುವಿನ ಜೊತೆ ಬೆಳೆಯುತ್ತದೆ. ಕೃತಕ ಜಾಲರಿ ಬೆಳೆಯುವುದಿಲ್ಲ. ಎರಡು ವರ್ಷದ ಹೊಟ್ಟೆಗೆ ಹಾಕಿದ್ದು ಹತ್ತು ವರ್ಷಕ್ಕೆ ಸಾಲುವುದಿಲ್ಲ, ಸೋಂಕಾದರೆ ತೆಗೆಯುವುದೂ ಸಂಕಟ. ಸ್ನಾಯುಪದರಗಳ ನಡುವೆ ಬಲೂನಿಟ್ಟು ವಾರವಾರ ನೀರು ತುಂಬಿ ಗೋಡೆಯನ್ನು ಹಿಗ್ಗಿಸುವವರಿದ್ದಾರೆ. ಈಚೆಗೆ ಬೊಟುಲಿನಮ್ ಚುಚ್ಚುಮದ್ದಿನಿಂದ ಸ್ನಾಯುವನ್ನು ಸಡಿಲಿಸುವವರೂ ಇದ್ದಾರೆ. ದಾರಿ ಯಾವುದಾದರೂ ಎಲ್ಲರೂ ಹುಡುಕುತ್ತಿರುವುದು ಜಾಗವನ್ನೇ.

ಇದಕ್ಕಿಂತ ಅಪರೂಪದವು ಇನ್ನೂ ಇವೆ. ಪ್ರೂನ್ ಬೆಲ್ಲಿಯಲ್ಲಿ ಸಮಸ್ಯೆ ತದ್ವಿರುದ್ಧ: ಜಾಗ ಅತಿಯಾಗಿದೆ, ಸ್ನಾಯುವೇ ಇಲ್ಲ, ಸುಕ್ಕುಗಟ್ಟಿದ ಸಡಿಲ ಹೊಟ್ಟೆ, ಜೊತೆಗೆ ಮೂತ್ರನಾಳಗಳ ತೊಂದರೆ. ಬಹುತೇಕ ಗಂಡುಮಕ್ಕಳಲ್ಲಿಯೇ ಕಾಣುತ್ತದೆ. ಅಲ್ಲಿ ಹೆಚ್ಚಿದ್ದನ್ನು ಮಡಚಿ, ಒಂದರ ಮೇಲೊಂದು ಹೊದಿಸಿ ಗಟ್ಟಿ ಮಾಡುತ್ತೇವೆ. ಮೂತ್ರಕೋಶ ತೆರೆದುಕೊಂಡೇ ಹುಟ್ಟುವ ಎಕ್ಸ್‌ಟ್ರೋಫಿಯಲ್ಲಿ ಗೋಡೆಯ ಜೊತೆಗೆ ಸೊಂಟದ ಮೂಳೆಯೂ ಮುಂದೆ ಕೂಡಿರುವುದಿಲ್ಲ. ಮೂಳೆಯನ್ನು ಕತ್ತರಿಸಿ ತಿರುಗಿಸದೆ ಹಲವು ಮಕ್ಕಳಲ್ಲಿ ಮುಚ್ಚಲಾಗದು. ಅಹಮದಾಬಾದಿನ ಸಿವಿಲ್ ಆಸ್ಪತ್ರೆಯಲ್ಲಿ 2009ರಿಂದ ಭಾರತ ಮತ್ತು ಅಮೆರಿಕದ ತಜ್ಞರು ಸೇರಿ ಈ ಮಕ್ಕಳಿಗೆ ಶಸ್ತ್ರಚಿಕಿತ್ಸೆ ಮಾಡುತ್ತ ಬಂದಿದ್ದಾರೆ. ಅಪರೂಪದ ಕಾಯಿಲೆಯಲ್ಲಿ ಕೈ ಪಳಗುವುದು ಹಾಗೆ ಒಂದೆಡೆ ಸೇರಿದಾಗಲೇ.

ಈಗ ನನ್ನ ಹೊಟ್ಟೆಯುರಿಯ ವಿಷಯ. 2021ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ 74 ದೇಶಗಳ 264 ಆಸ್ಪತ್ರೆಗಳ ಅಧ್ಯಯನವೊಂದು ಬಂತು. ಅದರಲ್ಲಿ ಗ್ಯಾಸ್ಟ್ರೋಸ್ಕೈಸಿಸ್ ಮಕ್ಕಳ ಸಾವು ಶ್ರೀಮಂತ ದೇಶಗಳಲ್ಲಿ ನೂರಕ್ಕೆ ಎರಡಕ್ಕಿಂತ ಕಡಿಮೆ. ನಮ್ಮಂಥ ಮಧ್ಯಮ ಆದಾಯದ ದೇಶಗಳಲ್ಲಿ ಸುಮಾರು 32. ತೀರ ಬಡ ದೇಶಗಳಲ್ಲಿ 90. ಶಸ್ತ್ರಚಿಕಿತ್ಸೆ ಎಲ್ಲೆಡೆ ಹೆಚ್ಚುಕಡಿಮೆ ಒಂದೇ. ಬೇರೆಯಾಗುವುದು ಅದರ ನಂತರದ ಆರೈಕೆ, ಅದಕ್ಕೂ ಮಿಗಿಲಾಗಿ ಅದಕ್ಕೆ ಮೊದಲಿನ ಗಂಟೆಗಳು. ತಾಲ್ಲೂಕು ಆಸ್ಪತ್ರೆಯಲ್ಲಿ ಹುಟ್ಟಿದ ಮಗುವಿನ ಕರುಳಿಗೆ ಒದ್ದೆ ಬಟ್ಟೆ ಸುತ್ತಿ, ಡ್ರಿಪ್ ಹಾಕದೆ, ಆ್ಯಂಬುಲೆನ್ಸಿನ ಕಿಟಕಿಯ ಗಾಳಿಗೆ ಒಡ್ಡಿ ನಾಲ್ಕೈದು ಗಂಟೆ ಕಳಿಸಿದರೆ, ನಮ್ಮ ಕೈಗೆ ಬರುವುದು ತಣ್ಣಗಾದ, ಬತ್ತಿಹೋದ ಮಗು. ಅದಕ್ಕೆ ಮಾಡಬೇಕಾದದ್ದು ಯಾವ ಹೆರಿಗೆ ಕೋಣೆಗೂ ಮೀರಿದ್ದಲ್ಲ. ಎದೆಯಿಂದ ಕೆಳಗಿನ ಇಡೀ ದೇಹವನ್ನು ಶುದ್ಧ ಪ್ಲಾಸ್ಟಿಕ್ ಚೀಲದೊಳಗೆ ಇಳಿಸಿ. ಒದ್ದೆ ಗಾಜ್ ಬೇಡ, ಅದು ಮಗುವನ್ನು ತಣ್ಣಗಾಗಿಸುತ್ತದೆ. ಕರುಳು ಒಂದು ಪಕ್ಕಕ್ಕೆ ಜೋತು ಬೀಳದಂತೆ ಮಗುವನ್ನು ಬಲಮಗ್ಗುಲಿಗೆ ಮಲಗಿಸಿ. ಹೊಟ್ಟೆಯ ಗಾಳಿ ಹೊರಬರಲು ಮೂಗಿನಿಂದ ನಳಿಗೆ ಹಾಕಿ, ಡ್ರಿಪ್ ಶುರು ಮಾಡಿ, ಬೆಚ್ಚಗಿಡಿ. ಹೊರಡುವ ಮೊದಲು ಒಂದು ಫೋನ್ ಮಾಡಿ.

18ರಿಂದ 20ನೆಯ ವಾರದ ಸ್ಕ್ಯಾನಿಂಗ್‌ನಲ್ಲಿ ಇವು ಬಹುಪಾಲು ಕಾಣುತ್ತವೆ. ಕಂಡರೆ ಶಸ್ತ್ರಚಿಕಿತ್ಸೆ ಇರುವ ಊರಿನಲ್ಲಿಯೇ ಹೆರಿಗೆ ಆಗಲಿ, ಅಷ್ಟೇ. ಗ್ಯಾಸ್ಟ್ರೋಸ್ಕೈಸಿಸ್‌ಗೆ ಸಿಸೇರಿಯನ್ ಕಡ್ಡಾಯವಲ್ಲ. ಯಕೃತ್ತು ಹೊರಗಿರುವ ದೊಡ್ಡ ಆಂಫಲೋಸೀಲ್‌ಗೆ ಸಾಮಾನ್ಯವಾಗಿ ಮಾಡುತ್ತೇವೆ. ಮಕ್ಕಳ ಹುಟ್ಟುದೋಷ, ಕಾಯಿಲೆಗಳನ್ನು ಬೇಗ ಪತ್ತೆಹಚ್ಚಲೆಂದು ಸರ್ಕಾರ 2013ರಲ್ಲಿ ಶುರುಮಾಡಿದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಮೂಲಪಟ್ಟಿಯಲ್ಲಿ ಸೀಳುತುಟಿ, ಸೊಟ್ಟಪಾದ, ಹೃದಯದೋಷಗಳಿಗೆ ಹೆಸರು ಹಿಡಿದು ಜಾಗ ಸಿಕ್ಕಿದೆ, ಹೊಟ್ಟೆಗೋಡೆಗೆ ಸಿಕ್ಕಿಲ್ಲ. ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ತರಬೇತಿಯ ಪೋಸ್ಟರಿನಲ್ಲಿಯೂ ಚಿತ್ರವಿರುವುದಿಲ್ಲ, ಆ ಪ್ಲಾಸ್ಟಿಕ್ ಚೀಲದ ಮಾತು ತಾಲ್ಲೂಕಿನ ದಾದಿಯ ಕಿವಿಗೂ ಬೀಳುವುದಿಲ್ಲ.

ಬದುಕುಳಿದ ಮಕ್ಕಳು ಚೆನ್ನಾಗಿ ಬೆಳೆಯುತ್ತಾರೆ. ಬಿಡುಗಡೆಯ ಚೀಟಿಯಲ್ಲಿ ನಾನು ದೊಡ್ಡಕ್ಷರದಲ್ಲಿ ಎರಡು ಸಾಲು ಬರೆಯುತ್ತೇನೆ. ಹಸಿರು ವಾಂತಿಯಾದರೆ ರಾತ್ರಿ ಹಗಲೆನ್ನದೆ ಬರಬೇಕು, ಈ ಕರುಳು ಸರಿಯಾಗಿ ಸುತ್ತು ಹಾಕಿಕೊಂಡದ್ದಲ್ಲ. ಮುಂದೆಂದಾದರೂ ಹೊಟ್ಟೆನೋವೆಂದು ಬೇರೆ ವೈದ್ಯರಲ್ಲಿಗೆ ಹೋದರೆ ಈ ಚೀಟಿ ತೋರಿಸಬೇಕು, ಅಪೆಂಡಿಕ್ಸ್ ಇರಬೇಕಾದ ಜಾಗದಲ್ಲಿ ಇಲ್ಲದಿರಬಹುದು.

ಮಕ್ಕಳಿಗೆ ಇದಾವುದೂ ಮುಖ್ಯವಲ್ಲ. ಶಾಲೆಗೆ ಹೋಗುವ ವಯಸ್ಸಿಗೆ ಅವರ ದೂರು ಒಂದೇ: ಎಲ್ಲರಿಗೂ ಹೊಕ್ಕುಳವಿದೆ, ನನಗೆ ಇಲ್ಲ. ಬಹಳ ಕಾಲ ನಮ್ಮವರು ಇದನ್ನು ಶೋಕಿ ಎಂದು ತಳ್ಳಿಹಾಕುತ್ತಿದ್ದರು. ಈಜಲು ಹೋಗದ, ಅಂಗಿ ಬಿಚ್ಚಲು ಒಪ್ಪದ ಹುಡುಗರನ್ನು ನೋಡಿದ ಮೇಲೆ ನಾನು ಹಾಗೆ ಹೇಳುವುದನ್ನು ಬಿಟ್ಟೆ. ಈಗ ಕೊನೆಯ ಶಸ್ತ್ರಚಿಕಿತ್ಸೆಯಲ್ಲಿಯೇ ಚರ್ಮದ ಸಣ್ಣ ತುಂಡನ್ನು ಒಳಕ್ಕೆ ಮಡಚಿ, ಆಳದ ಪೊರೆಗೆ ಹೊಲಿದು ಹೊಕ್ಕುಳ ಮಾಡಿಕೊಡುತ್ತೇವೆ. ಕಾಲು ಗಂಟೆಯ ಕೆಲಸ. ಗ್ಯಾಸ್ಟ್ರೋಸ್ಕೈಸಿಸ್‌ನಲ್ಲಂತೂ 2004ರ ನಂತರ ಇನ್ನೂ ಸುಲಭದ ದಾರಿ ಬಂದಿದೆ. ಕರುಳು ಒಳಗೆ ಹೋದ ಮೇಲೆ ಕಿಂಡಿಗೆ ಹೊಲಿಗೆಯನ್ನೇ ಹಾಕದೆ, ಮಗುವಿನದೇ ಹೊಕ್ಕುಳಬಳ್ಳಿಯ ತುಂಡನ್ನು ಅದರ ಮೇಲೆ ಮಡಚಿ ಪ್ಲಾಸ್ಟಿಕ್ ಪಟ್ಟಿ ಅಂಟಿಸಿ ಬಿಡುತ್ತೇವೆ. ಕಿಂಡಿ ತಾನಾಗಿಯೇ ಕುಗ್ಗಿ ಮುಚ್ಚುತ್ತದೆ. ಕೆಲವರಲ್ಲಿ ಸಣ್ಣ ಹರ್ನಿಯಾ ಉಳಿಯುತ್ತದೆ, ಅದರಲ್ಲಿ ಹೆಚ್ಚಿನದೂ ಕೆಲವು ವರ್ಷಗಳಲ್ಲಿ ಹೋಗುತ್ತದೆ. ಹೊಕ್ಕುಳ ಎಷ್ಟು ಸಹಜವಾಗಿ ಬರುತ್ತದೆಂದರೆ, ತಪಾಸಣೆಗೆ ಬಂದ ಹುಡುಗಿಯೊಬ್ಬಳು ತನಗೆ ಆಪರೇಷನ್ ಆಗಿತ್ತೆಂಬ ತಾಯಿಯ ಮಾತನ್ನು ನನ್ನ ಮುಂದೆಯೇ ನಂಬಲಿಲ್ಲ.